ಬೆಲ್ ಬಾರಿಸಿದವರ ಬಳಿಗೆ

ಪ್ರೀತಿಯ ಪುಟ್ಟಿ,

ಆಸ್ಪತ್ರೆಯಲ್ಲಿ ದಿನವೆಲ್ಲ ಬೆಲ್ ಬಾರಿಸಿದ ಕಡೆ ಓಡುವುದರಲ್ಲೇ ಮುಗಿಯುತ್ತದೆ, ದೇವರಿಗಾಗಿ ಏನೂ ಮಾಡಿದ ಹಾಗಿಲ್ಲ ಎಂದು ಬರೆದಿದ್ದೀಯಲ್ಲ, ಆ ಮಾತು ಮನಸ್ಸಿನಲ್ಲೇ ಉಳಿದುಬಿಟ್ಟಿದೆ.

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯ ತೆಗೆದು ನೋಡು. ಯಾಯೀರ ಎಂಬವನ ಹನ್ನೆರಡು ವರ್ಷದ ಮಗಳು ಸಾವಿನಂಚಿನಲ್ಲಿದ್ದಾಳೆ. ಯೇಸು ಅವನ ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ ನೂಕುನುಗ್ಗಲು. ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಇದ್ದಬದ್ದದ್ದನ್ನೆಲ್ಲ ವೈದ್ಯರಿಗೆ ಸುರಿದ ಹೆಂಗಸೊಬ್ಬಳು ಹಿಂದಿನಿಂದ ಬಂದು ಆತನ ಉಡುಪು ಮುಟ್ಟುತ್ತಾಳೆ. ಮುಟ್ಟಿದ ಕೂಡಲೇ ವಾಸಿಯೂ ಆಯಿತು. ಇನ್ನು ಆತನು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ನಿಂತು, ಮುಟ್ಟಿದವರು ಯಾರೆಂದು ಸುತ್ತ ನೋಡಿದ. ಅವಳು ನಡುಗುತ್ತ ಬಂದು ನಡೆದದ್ದನ್ನೆಲ್ಲ ಹೇಳಿಕೊಂಡಳು. ಹನ್ನೆರಡು ವರ್ಷದ ಕಥೆ ಬೇಗ ಮುಗಿಯುತ್ತದೆಯೇ? ಪಕ್ಕದಲ್ಲಿದ್ದ ಯಾಯೀರನ ಹೊಟ್ಟೆಯಲ್ಲಿ ಎಂಥ ಸಂಕಟ ಎದ್ದಿರಬೇಕು! ಅಷ್ಟರಲ್ಲಿ ಮಗಳು ತೀರಿಕೊಂಡ ಸುದ್ದಿಯೂ ಬಂತು. ಆದರೂ ಆತನು ಆ ಮನೆಗೆ ಹೋದ, ಹುಡುಗಿಯ ಕೈಹಿಡಿದು ಎಬ್ಬಿಸಿದ, ಅವಳಿಗೆ ಊಟ ಕೊಡಿ ಎನ್ನುವುದನ್ನೂ ಮರೆಯಲಿಲ್ಲ. ಆ ಕಡೆಯ ಮಾತಿನ ಬೆಲೆ ನರ್ಸ್ ಆದ ನಿನಗೆ ಗೊತ್ತು.

ಗುರಿಯಿಟ್ಟು ಬದುಕುವವರು ಅವಸರದಲ್ಲೇ ಇರಬೇಕೆಂದು ನನಗೆ ಅನ್ನಿಸುವುದಿಲ್ಲ. ಹೊತ್ತು ನಮ್ಮದೇ ಎಂದುಕೊಂಡರೆ, ಬೆಲ್ ಬಾರಿಸುವವರೆಲ್ಲ ಅದನ್ನು ಕಸಿಯುವವರಂತೆ ಕಾಣುತ್ತಾರೆ. ಅದು ದೇವರದು, ನಮ್ಮ ಕೈಗೆ ಒಪ್ಪಿಸಿದ್ದಾನೆ ಎಂದಾದರೆ, ಆ ಹಾಸಿಗೆಯ ಬಳಿಗೆ ನಿನ್ನನ್ನು ಕಳಿಸಿದವನೂ ಆತನೇ. ಯೇಸು ಜನರ ನಡುವೆ ಸೇವೆ ಮಾಡಿದ್ದು ಸುಮಾರು ಮೂರು ವರ್ಷ. ಅದಕ್ಕೆ ಮೊದಲು ಬಹುಕಾಲ ನಜರೇತಿನಲ್ಲಿ ಬಡಗಿಯಾಗಿದ್ದ. ಆ ವರ್ಷಗಳು ವ್ಯರ್ಥವಾದವೆಂದು ಯಾರು ಹೇಳುತ್ತಾರೆ?

ನೀನಿರುವ ಮಂಗಳೂರಿನಲ್ಲೇ ಕಿಟೆಲ್ ಪಾದ್ರಿಗಳ ಕನ್ನಡ ನಿಘಂಟು ಅಚ್ಚಾದದ್ದು. ಅವರು ಭಾರತಕ್ಕೆ ಬಂದದ್ದು 1853ರಲ್ಲಿ, ಸುಮಾರು 70,000 ಪದಗಳ ಆ ಪುಸ್ತಕ ಹೊರಬಂದದ್ದು 1894ರಲ್ಲಿ. ನಡುವಿನ ಒಂದೊಂದು ದಿನ ಕಣ್ಣಿಗೆ ಕಾಣುವಂಥ ಕೆಲಸ ಎಷ್ಟು ಆಗಿರಬಹುದು, ನೀನೇ ಹೇಳು.

ತೊಂಬತ್ತನೆಯ ಕೀರ್ತನೆಯಲ್ಲಿ ಮೋಶೆ ನಮ್ಮ ಆಯುಸ್ಸು ಎಷ್ಟು ಗಿಡ್ಡ ಎಂದು ನೊಂದುಕೊಳ್ಳುತ್ತಾನೆ. ಹಾಗಿದ್ದೂ ಇನ್ನಷ್ಟು ವರ್ಷ ಕೊಡು ಎಂದು ಬೇಡುವುದಿಲ್ಲ. ಇರುವ ದಿನಗಳನ್ನು ಎಣಿಸುವ ವಿವೇಕ ಕೇಳುತ್ತಾನೆ. ಕಡೆಗೆ, ನಮ್ಮ ಕೈಕೆಲಸ ಸ್ಥಿರವಾಗಿ ಉಳಿಯುವಂತೆ ಮಾಡೆಂದು ಎರಡೆರಡು ಸಲ ಕೇಳುತ್ತಾನೆ. ಡ್ರಿಪ್ ಹಾಕುವ, ಬೆಡ್‌ಪ್ಯಾನ್ ಎತ್ತುವ ನಿನ್ನ ಕೈಗಳೂ ಆ ಪ್ರಾರ್ಥನೆಯೊಳಗಿವೆ, ಪುಟ್ಟಿ.

ವಾರದ ರಜೆಯ ದಿನ ಬೇರೆಯವರ ಡ್ಯೂಟಿ ಒಪ್ಪಿಕೊಳ್ಳಬೇಡ. ಆರಾಧನೆಗೆ ಹೋಗು, ಹೊಟ್ಟೆ ತುಂಬ ಉಣ್ಣು, ಮಲಗು. ನೀನು ನಿದ್ದೆ ಮಾಡುವಾಗಲೂ ನಿನ್ನ ರೋಗಿಗಳನ್ನು ಕಾಯುವವನು ತೂಕಡಿಸುವುದಿಲ್ಲ.

ದೇವರ ಚಿತ್ತವಿದ್ದರೆ ಕ್ರಿಸ್‌ಮಸ್ ಕಳೆದ ಮೇಲೆ ಬರುತ್ತೇನೆ, ಕರ್ಜಿಕಾಯಿ ತರುತ್ತೇನೆ. ನೈಟ್ ಡ್ಯೂಟಿ ಯಾವ ವಾರ ಎಂದು ಮೊದಲೇ ತಿಳಿಸು.

ನಿನ್ನ ಚಿಕ್ಕಮ್ಮ