ಗೋಡೆಯ ಕಿವಿ

ಗೋಡೆಗೂ ಕಿವಿಯುಂಟೆಂಬ ಗಾದೆಯ ಪೂರ್ಣಾರ್ಥವನ್ನು ಬಲ್ಲವನು ಬಾಡಿಗೆಯ ಮನೆಯಲ್ಲಿ ಮೃದಂಗ ನುಡಿಸುವವನೊಬ್ಬನೇ.

ಬೆಂಗಳೂರಿನಲ್ಲಿ ಅಂಥವನೊಬ್ಬನ ವಾಸ. ಒಂದೇ ಗೋಡೆಯ ಆಚೆಗೆ ಮನೆಯ ಯಜಮಾನರು. ಗೋಡೆಗೆ ಮೊಳೆ ಹೊಡೆಯಬಾರದೆಂದು ಕರಾರು. ಮಗಳ ಪರೀಕ್ಷೆ ಹತ್ತಿರವಾದಾಗ ಯಜಮಾನರು ಬಂದು, "ಸ್ವಾಮಿ, ಒಂದೋ ಸದ್ದು ನಿಲ್ಲಬೇಕು, ಇಲ್ಲವೇ ತಾವು ಬೇರೆ ಮನೆ ನೋಡಿಕೊಳ್ಳಬೇಕು" ಎಂದರು.

ಯಾರದೋ ಮಾತು ಕೇಳಿ ಅವನು ಮೊಟ್ಟೆಯ ತಟ್ಟೆಗಳನ್ನು ಗೋಡೆಯುದ್ದಕ್ಕೂ ಒರಗಿಸಿದ. ಒಳಗಿನ ಪ್ರತಿಧ್ವನಿ ಅಡಗಿತು. ಹೊರಗೆ ಹೋಗುವ ನಾದ ಅಡಗಲಿಲ್ಲ. ಶಬ್ದವನ್ನು ತಡೆಯಲು ಭಾರ ಬೇಕು. ಗಾಳಿ ನುಸುಳುವ ಸಂದೆಲ್ಲ ಅದಕ್ಕೆ ರಾಜಮಾರ್ಗ. ಇದನ್ನರಿತು ಅವನು ಪುಸ್ತಕ ತುಂಬಿದ ಬೀರುವನ್ನು ಗೋಡೆಗೆ ಸೇರಿಸಿದ, ಬಾಗಿಲಿಗೆ ರಬ್ಬರಿನ ಪಟ್ಟಿ ಅಂಟಿಸಿದ, ನೆಲಕ್ಕೆ ಇಳಿಯುವ ಕಂಪನವನ್ನು ಕುಗ್ಗಿಸಲು ದಪ್ಪ ಹಾಸಿಗೆಯ ಮೇಲೆ ಕುಳಿತ, ಕಿಟಕಿಗಳನ್ನು ಮುಚ್ಚಿದ. ಸದ್ದು ಕೊಂಚ ತಗ್ಗಿತು. ಆದರೆ ಬೇಸಗೆಯ ಆ ಉಬ್ಬಸದಲ್ಲಿ ನುಡಿಸುವವನು ಬೆವೆತ. ಮೃದಂಗದ ಚರ್ಮದ ಶ್ರುತಿಯೂ ಜಾರಿತು.

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್‌ಗಳ ಎಲ್ಲೆ ಹಾಕಿವೆ. ಓದುವ ಹುಡುಗಿಯ ತಾಳ್ಮೆಯನ್ನು ಆ ಮಾನದಿಂದ ಅಳೆಯುವುದೆಂತು?

ಕೊನೆಗೆ ಅವನು ಸಂಕೋಚದಿಂದ ಆಚೆಯ ಮನೆಯ ಬಾಗಿಲು ತಟ್ಟಿದ. ಹುಡುಗಿಯೇ ಹೊರಬಂದಳು.

"ಸಂಜೆ 5ರಿಂದ 7ರವರೆಗೆ ನಾನು ಪಾಠಕ್ಕೆ ಹೋಗಿರುತ್ತೇನೆ. ಆಗ ನುಡಿಸಿ" ಎಂದಳು.

ಅಂದೇ ಕಿಟಕಿಗಳು ತೆರೆದವು. ಒಂದು ತಿಂಗಳು ಗೋಡೆಯ ಕಿವಿ ಮುಚ್ಚಲು ಹೆಣಗಿದವನಿಗೆ, ಗೋಡೆಯಾಚೆಯವರಿಗೆ ಬಾಯಿಯೂ ಉಂಟೆಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ.