ಅಂಜಿಸುವ ಕಥೆಗಳ ಓದು

ನರಸಿಂಹರಾಜಪುರದ ಸುತ್ತಿನ ಮನೆಗಳಲ್ಲಿ ದೆವ್ವದ ಕಥೆಗಳಿಗೆ ಎಂದೂ ಬರವಿಲ್ಲ. ಒಂದು ಕಡೆ ಕಾಡು, ಇನ್ನೊಂದು ಕಡೆ ಭದ್ರೆಯ ಹಿನ್ನೀರು. ಅಣೆಕಟ್ಟಿನ ನೀರಿನಡಿ ಸೇರಿಹೋದ ಊರುಗಳ ನೆನಪು ಹಿರಿಯರಲ್ಲಿ ಇನ್ನೂ ಉಳಿದಿದೆ. ಆಷಾಢದ ಮಳೆ ಹಿಡಿದು ಕರೆಂಟು ಹೋಯಿತೆಂದರೆ ಯಾರಾದರೊಬ್ಬರು ‘ನಮ್ಮ ಭಾವನವರು ಕಣ್ಣಾರೆ ಕಂಡದ್ದು’ ಎಂದು ತೊಡಗುತ್ತಾರೆ. ಇಂಥ ಕಥೆಗಳ ದೊಡ್ಡ ದೋಷವೆಂದರೆ ಅವಕ್ಕೆ ಕೊನೆಯೇ ಇಲ್ಲದಿರುವುದು. ಹೇಳಿದವರು ಮನೆಗೆ ಹೊರಟುಹೋದ ಮೇಲೂ ಅವರು ಹೆಸರಿಸಿದ ಹಲಸಿನ ಮರ ನಮ್ಮ ಹಿತ್ತಲಿನಲ್ಲೇ ನಿಂತಿರುತ್ತದೆ. ಪುಸ್ತಕದ ಕಥೆಗಾದರೋ ಕೊನೆಯ ಪುಟವೊಂದಿದೆ.

2022ರಲ್ಲಿ ನಮ್ಮ ಮಾವನವರು ಲಿಂಗೈಕ್ಯರಾದರು. ಅಡಿಕೆ ತೋಟದ ಮೂಲೆಯಲ್ಲಿ, ನಮ್ಮಲ್ಲಿನ ಪದ್ಧತಿಯಂತೆ ಕುಳಿತ ಭಂಗಿಯಲ್ಲಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿಯೊಡನೆ ಸಮಾಧಿ ಮಾಡಿದೆವು. ಆಗ ಎಂಟು ವರ್ಷದವನಾಗಿದ್ದ ನಮ್ಮ ಕಿರಿಯ ಮಗ ಅದಾದ ಮೇಲೆ ಕತ್ತಲಾಯಿತೆಂದರೆ ಕೊಟ್ಟಿಗೆಯ ಕಡೆ ಮುಖ ಹಾಕದಾದ. ತೋಟದ ಕಡೆಯ ಕಿಟಕಿಯನ್ನು ಮುಚ್ಚಿದ ಹೊರತು ನಿದ್ದೆಯಿಲ್ಲ. ಬಂದ ನೆಂಟರೆಲ್ಲ, ದೆವ್ವ ಭೂತದ ಮಾತನ್ನೇ ಮಗುವಿನ ಕಿವಿಗೆ ಹಾಕಬೇಡಿರೆಂದು ಬುದ್ಧಿ ಹೇಳಿದರು. ನಮ್ಮ ಅತ್ತೆಯವರು ಮಾತ್ರ ಒಪ್ಪಲಿಲ್ಲ. “ಕತೆ ನಿಲ್ಸಿದ್ರೆ ಹೆದ್ರಿಕೆ ನಿಲ್ತದೇನು? ಒಳ್ಳೇದನ್ನ ಓದಮ್ಮ, ನಡುವೆ ಬಿಡ್ಬೇಡ,” ಎಂದರು.

ಹಾಗೆ ಆರಂಭವಾದುದು ರಾಘವಾಂಕನ ಹರಿಶ್ಚಂದ್ರ ಕಾವ್ಯ. ಭಯಾನಕವೆಂದು ಯಾವ ದೇಶದ ಕಥೆಯನ್ನೇ ತೋರಿಸಿರಿ, ನಮ್ಮ ಈ 13ನೆಯ ಶತಮಾನದ ಕವಿಯ ಸುಡುಗಾಡಿನ ಮುಂದೆ ಅದು ಸಪ್ಪೆಯೆಂದೇ ನನ್ನ ಅಭಿಪ್ರಾಯ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ತಾಯಿ ಚಂದ್ರಮತಿ ನಡುರಾತ್ರಿಯಲ್ಲಿ ಹೊತ್ತು ತರುತ್ತಾಳೆ. ಸುಡುಗಾಡಿನ ಸುಂಕ ಕೊಡೆಂದು ತಡೆಯುವವನು ಅವಳ ಗಂಡನೇ. ವಾರ್ಧಕ ಷಟ್ಪದಿಯ ಓಟಕ್ಕೆ ನಾಲಗೆ ಹೊಂದಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

ಗಮಕದಲ್ಲಿ ಒಬ್ಬರು ಪದ್ಯವನ್ನು ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನ ಮಾಡುವ ಕ್ರಮವುಂಟಷ್ಟೆ. ಶಿವಮೊಗ್ಗದ ಬಳಿಯ ಹೊಸಹಳ್ಳಿ ಈ ಕಲೆಗೆ ಹೆಸರಾದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ನಾನು ಗಮಕಿಯಲ್ಲ, ರಾಗ ಕಲಿತವಳೂ ಅಲ್ಲ. ಆದರೆ ಈ ಇಬ್ಬರ ಏರ್ಪಾಟಿನ ಬೆಲೆ ನಮ್ಮ ಜಗಲಿಯಲ್ಲಿ ತಿಳಿಯಿತು. ನಾನು ಎರಡು ಪದ್ಯ ಓದಿ ನಿಲ್ಲಿಸುವೆ. ಅತ್ತೆಯವರು ಹತ್ತಿಯ ಬತ್ತಿ ಹೊಸೆಯುತ್ತಲೇ ಅರ್ಥ ಹೇಳುವರು. ಭಯದ ಹಿಡಿತದಲ್ಲಿರುವ ಕೇಳುಗನಿಗೆ ಆ ಬಿಡುವಿನಲ್ಲಿ ಉಸಿರಾಡಲು ತಾವು ಸಿಗುತ್ತದೆ. ದನಿಯನ್ನು ನಡುಗಿಸುವುದು, ನರಿಯಂತೆ ಊಳಿಡುವುದು ಇವೆಲ್ಲ ಬೇಡವೇ ಬೇಡ. ಸಮದನಿಯಲ್ಲಿ ನಿಧಾನವಾಗಿ ಓದಿದರೆ ಕವಿಯ ಮಾತೇ ತನ್ನ ಕೆಲಸ ಮಾಡುತ್ತದೆ.

ಇದನ್ನು ಕಂಡು ಪಿಯುಸಿ ಓದುತ್ತಿದ್ದ ಹಿರಿಯ ಮಗಳೂ ಒಂದು ಕಥೆ ತಂದಳು. ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ನಮ್ಮ ದೇಶದ ಕಾನೂನಿನಂತೆ ಅವರ ಕೃತಿ ಎಲ್ಲರ ಸೊತ್ತಾಗುತ್ತದೆ. ಇಂಥ ಹಳೆಯ ಪುಸ್ತಕಗಳನ್ನು ಸ್ವಯಂಸೇವಕರೇ ಓದಿ, ಧ್ವನಿಮುದ್ರಿಸಿ, ಉಚಿತವಾಗಿ ಹಂಚುವ ಲಿಬ್ರಿವಾಕ್ಸ್ ಎಂಬ ಕೂಟ 2005ರಿಂದ ನಡೆದುಬಂದಿದೆ. ಅವಳು ಅಲ್ಲಿ ಕೇಳಿದ್ದು 1902ರಲ್ಲಿ ಪ್ರಕಟವಾದ, ಡಬ್ಲ್ಯು.ಡಬ್ಲ್ಯು. ಜೇಕಬ್ಸ್ ಎಂಬ ಆಂಗ್ಲ ಲೇಖಕನ ‘ದಿ ಮಂಕೀಸ್ ಪಾ’. ಒಣಗಿದ ಕೋತಿಯ ಕೈಯೊಂದು ಮೂರು ಬೇಡಿಕೆಗಳನ್ನು ಈಡೇರಿಸುತ್ತದೆ. ವೃದ್ಧ ದಂಪತಿಗಳು 200 ಪೌಂಡು ಬೇಡುತ್ತಾರೆ. ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತ ಮಗನ ಪರಿಹಾರವಾಗಿ ಅಷ್ಟೇ ಹಣ ಬರುತ್ತದೆ. ತಾಯಿ ಮಗನನ್ನೇ ಮರಳಿ ಬೇಡಿಸುತ್ತಾಳೆ. ರಾತ್ರಿ ಬಾಗಿಲು ಬಡಿದ ಸದ್ದು. ಅವಳು ಅಗುಳಿ ತೆಗೆಯುವಷ್ಟರಲ್ಲಿ ತಂದೆ ಮೂರನೆಯ ಬೇಡಿಕೆಯನ್ನು ಉಸುರುತ್ತಾನೆ. ಬಾಗಿಲಾಚೆ ಬರಿಯ ಬೀದಿ. ಮಗಳು ಇಂಗ್ಲಿಷಿನಲ್ಲಿ ಒಂದೊಂದು ವಾಕ್ಯ ಓದಿ ಕನ್ನಡದಲ್ಲಿ ಹೇಳುತ್ತ ಹೋದಳು. ಮುಗಿದಾಗ ಹೆಂಚಿನ ಮೇಲಿನ ಮಳೆಯ ಸದ್ದೊಂದೇ ಕೇಳುತ್ತಿತ್ತು.

“ಆ ತಾಯಿ ಬಾಗ್ಲು ತೆಗೀಲಿ ಅಂತ ಬಿಡ್ಬೇಕಿತ್ತು,” ಎಂದರು ಅತ್ತೆಯವರು. ಹೇಗೆ ಬಂದಿದ್ದರೂ ಮಗ ಮಗನೇ ಅಲ್ಲವೇ ಎಂಬುದು ಅವರ ವಾದ. ನನ್ನ ಯಜಮಾನರು ತಂದೆಯ ಪಕ್ಷ ಹಿಡಿದರು. ಊಟದ ಹೊತ್ತಾದರೂ ವಾದ ಮುಗಿಯಲಿಲ್ಲ.

ಮರುದಿನ ಅತ್ತೆಯವರೇ ಕಾರಿಕಾಲಮ್ಮೆಯ ಕಥೆ ಆಗಲೆಂದರು. ಅರವತ್ತುಮೂವರು ಪುರಾತನರಲ್ಲಿ ಒಬ್ಬಳಾದ ಈ ತಾಯಿಯ ಮೇಲೆ ಹರಿಹರನ ರಗಳೆಯಿದೆ. ತಮಿಳಿನ ಪೆರಿಯಪುರಾಣದಲ್ಲೂ ಅವಳ ಚರಿತೆಯುಂಟು. ಗಂಡ ಬಿಟ್ಟುಹೋದ ಮೇಲೆ ಅವಳು, ಈ ಚೆಲುವು ಸಾಕು, ಪೇಯ ರೂಪ ಕೊಡೆಂದು ಶಿವನನ್ನು ಬೇಡಿದಳು. ಒಣಗಿದ ಮೈಯಲ್ಲಿ ತಾಳ ಹಿಡಿದು ಕುಳಿತ ಅವಳ ವಿಗ್ರಹಗಳು ತಮಿಳುನಾಡಿನಲ್ಲಿವೆ. ಕಾಲೂರಲು ಅಂಜಿ ಕೈಲಾಸವನ್ನು ಕೈಗಳ ಮೇಲೆಯೇ ನಡೆದು ಏರಿದ ಆ ಆಕೃತಿಯನ್ನು ಕಂಡು ಪಾರ್ವತಿ ಬೆರಗಾದರೆ, ಶಿವ ಅವಳನ್ನು ‘ಅಮ್ಮಾ’ ಎಂದು ಕರೆದ.

ಆಗ ನಮ್ಮ ಕಿರಿಯವನು ಕಂಬಳಿಯೊಳಗಿಂದಲೇ ಕೇಳಿದ: “ಅಜ್ಜಿ, ಅಜ್ಜಯ್ಯನಿಗೆ ಮಳೇಲಿ ಚಳಿ ಆಗಲ್ವಾ? ಕೂತೇ ಇರ್ತಾರಲ್ಲ?”

ಅಷ್ಟು ದಿನವೂ ಅವನು ಕಿಟಕಿ ಮುಚ್ಚಿಸುತ್ತಿದ್ದುದು ದೆವ್ವಕ್ಕೆ ಅಂಜಿಯಲ್ಲ. ತೋಟದ ಮೂಲೆಯಲ್ಲಿ ನೆನೆಯುತ್ತ ಕುಳಿತ ಅಜ್ಜನನ್ನು ನೋಡಲಾರದೆ! ಅತ್ತೆಯವರು ಬತ್ತಿಯ ತಟ್ಟೆಯನ್ನು ಬದಿಗಿಟ್ಟು ಅವನನ್ನು ಹತ್ತಿರಕ್ಕೆ ಎಳೆದುಕೊಂಡರು. “ಎಷ್ಟೋ ಮಳೆಗಾಲ ಈ ತೋಟದಲ್ಲೇ ನೆಂದವರು ಮಗಾ ಅವರು. ಕೈಲಿ ಲಿಂಗ ಉಂಟು, ಮೈತುಂಬ ವಿಭೂತಿ ಉಂಟು,” ಎಂದರು. ಆಮೇಲೆ ಅವರ ದನಿ ಏಳಲಿಲ್ಲ. ಮೂರು ತಿಂಗಳಲ್ಲಿ ಅವರು ನಮ್ಮೆದುರು ಅತ್ತದ್ದು ಅದೇ ಮೊದಲು.

ಬೆಳಗಾದ ಮೇಲೆ ಹುಡುಗ ತಂದೆಯ ಜೊತೆ ಹೋಗಿ ಸಮಾಧಿಯ ಮೇಲೆ ಅಡಿಕೆ ಹಾಳೆಗಳನ್ನು ಒಂದರ ಮೇಲೊಂದು ಹೊದಿಸಿ, ಗಾಳಿಗೆ ಹಾರದಂತೆ ಕಲ್ಲು ಹೇರಿ ಬಂದ. ಪ್ರತಿ ಮಳೆಗಾಲದ ಮೊದಲು ಹಾಳೆ ಬದಲಿಸುವುದು ಈಗಲೂ ಅವನದೇ ಕೆಲಸ. ಕತ್ತಲಲ್ಲಿ ಕೊಟ್ಟಿಗೆಗೆ ಹೋಗಲು ಟಾರ್ಚು ಬೇಕೇ ಬೇಕು, ಅದು ಬೇರೆ ಮಾತು. ಓದುವ ಸರದಿಯೂ ಅವನಿಗೆ ಬಂದಿದೆ. ಬೇತಾಳನ ಕಥೆಗಳನ್ನು ಹಿಡಿದಿದ್ದಾನೆ. ವಿಕ್ರಮ ಮರದಿಂದ ಹೆಣವನ್ನು ಇಳಿಸುವ ಕಡೆ ಬಂದಾಗ ಓಟ ಕಿತ್ತಂತೆ ಓದುತ್ತಾನೆ. “ಮೆಲ್ಲಗೆ ಮಗಾ,” ಎಂದು ಅತ್ತೆಯವರು ಅಲ್ಲಿಂದಲೇ ಮತ್ತೆ ಓದಿಸುತ್ತಾರೆ.