ಬಾಲ್ದಿಯ ಕೆಂಪು ನೀರು

ನನ್ನಕ್ಕನ ಮನೆ ಗುಂಡ್ಯದಲ್ಲಿ, ಹೆದ್ದಾರಿಯಿಂದ ಕೆಳಗಿಳಿದರೆ ಸಿಗುವ ಅಡಿಕೆ ತೋಟದ ನಡುವೆ. 2022ರ ಜೂನ್‌ನಲ್ಲಿ ಹೋದಾಗ ಜಗಲಿಯ ಬದಿಯಲ್ಲಿ ಒಂದು ಬಾಲ್ದಿ ನೀರಿತ್ತು. ಥೇಟ್ ಚಹಾದ ಬಣ್ಣ.

"ಬಾವಿಯದ್ದಾ?" ಗಾಬರಿಯಿಂದ ಕೇಳಿದೆ.

"ತೋಡಿನದ್ದು ಮಾರಾಯ್ತಿ. ಬಟ್ಟೆ ಒಗೆಯಲಿಕ್ಕೆ ತಂದದ್ದು. ಮಣ್ಣು ಕೂರಲಿ ಅಂತ ಬೆಳಿಗ್ಗೆಯಿಂದ ಕಾಯ್ತಾ ಇದ್ದೇನೆ."

ಬಿ.ಸಿ.ರೋಡಿನಿಂದ ಅಡ್ಡಹೊಳೆಯವರೆಗೆ ಚತುಷ್ಪಥ ರಸ್ತೆಯ ಕೆಲಸ ನಡೆಯುತ್ತಿದ್ದ ದಿನಗಳವು. ಮನೆಯ ಮೇಲಿನ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದಿದ್ದರು. ತೆಗೆದ ಮಣ್ಣು ತೋಡಿನ ದಡದಲ್ಲೇ ರಾಶಿ. ಮೊದಲ ಜಡಿಮಳೆಗೆ ಅದು ಅಕ್ಕನ ತೋಟದ ಕಣಿಗಳಿಗೆ ಇಳಿದಿತ್ತು. ಕಣಿ ತುಂಬಿದರೆ ಬುಡದಲ್ಲಿ ನೀರು ನಿಂತು ಅಡಿಕೆಯ ಬೇರು ಕೊಳೆಯುತ್ತದೆ. ಭಾವ ಎರಡು ದಿನ ಕೆಸರು ಎತ್ತಿ ಸುಸ್ತಾಗಿ ಮಲಗಿದ್ದರು.

ನಮ್ಮ ಜಿಲ್ಲೆಯ ಗುಡ್ಡಗಳ ಗುಣವೇ ಹಾಗೆ. ಮೇಲೆ ಗಟ್ಟಿ ಮುರಕಲ್ಲು, ಅಡಿಯಲ್ಲಿ ಶೇಡಿಮಣ್ಣು. ಒಣಗಿದ್ದಾಗ ಗಟ್ಟಿಯಾಗಿ ನಿಲ್ಲುವ ಶೇಡಿ ನೀರು ಕುಡಿದರೆ ಬೆಣ್ಣೆ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿ ಅಲ್ಲಲ್ಲಿ ಜರಿದು ರಸ್ತೆ ಮುಚ್ಚಿದ್ದು ನೆನಪಿದೆಯಲ್ಲ? ಕಾಂಕ್ರೀಟು ಹಾಕಿ ತೆರೆದದ್ದು ಹಿಂದಿನ ತಿಂಗಳಷ್ಟೇ.

"ನಮ್ಮ ಮಾವ ತೋಟ ಮಾಡುವಾಗ ಮೊದಲು ಕಡಿಸಿದ್ದು ಗುಡ್ಡದ ಮೇಲಿನ ಅಗಳು" ಎಂದಳು ಅಕ್ಕ. ಮೇಲಿನ ನೀರು ಬರೆಗೆ ಇಳಿಯದೆ ಬದಿಗೆ ಹೋಗಬೇಕು. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ನೆಲ ತಗ್ಗಿಸಿ, ಅಂಚಿಗೆ ಲಾವಂಚ ನೆಟ್ಟರಂತೆ.

ರಸ್ತೆ ಮಾಡುವವರ ವಿದ್ಯೆಯೂ ಇದನ್ನೇ ಹೇಳುತ್ತದೆ. ಬರೆಯ ನೆತ್ತಿಯಲ್ಲಿ ಕಣಿ, ಮೆಟ್ಟಿಲು, ತೆಂಗಿನ ನಾರಿನ ಬಲೆ ಹಾಸಿ ಹುಲ್ಲು, ಕೆಳಗೆ ಹೂಳು ತಡೆಯುವ ಗುಂಡಿ. ಆದರೆ ಇವನ್ನೆಲ್ಲ ಮದುವೆ ಚಪ್ಪರದ ತೋರಣದಂತೆ ಕೊನೆಗೆ ಕಟ್ಟಿದರಾಯಿತು ಎಂದುಕೊಂಡರೆ ಮಳೆ ಕಾಯುತ್ತದೆಯೇ? ಗುಂಡಿಯಲ್ಲಿ ಮರಳು ತಂಗೀತು, ನುಣ್ಣನೆಯ ಶೇಡಿ ಅಷ್ಟು ಬೇಗ ಕೂರುವುದಿಲ್ಲ. ಅಕ್ಕನ ಬಾಲ್ದಿ ಸಂಜೆಗೂ ತಿಳಿಯಾಗಿರಲಿಲ್ಲ.

ಗುಂಡ್ಯ ಹೊಳೆ ಸೇರುವುದು ಕುಮಾರಧಾರೆಯನ್ನು. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು. ನೇತ್ರಾವತಿಯ ನೀರು ತುಂಬೆಯಿಂದ ಮಂಗಳೂರಿನ ನನ್ನ ಅಡುಗೆಮನೆಯ ನಳ್ಳಿಗೆ. ರಸ್ತೆ ಅಗಲವಾದರೆ ಅಕ್ಕನ ಮನೆಗೆ ಬೇಗ ತಲುಪಬಹುದೆಂದು ಹಿಗ್ಗಿದವಳೂ ನಾನೇ!

ಭಾವ ಯಾರನ್ನೂ ಕಾಯಲಿಲ್ಲ. ಮರುದಿನ ಬೆಳಿಗ್ಗೆ ಆಳನ್ನು ಕರೆಸಿ ತೋಟದ ಮೇಲ್ಬದಿಗೆ ಇನ್ನೊಂದು ಅಗಳು ಕಡಿಸತೊಡಗಿದರು. ಅಕ್ಕ ಹಿತ್ತಿಲಿನ ಲಾವಂಚದ ಬುಡ ಬಿಡಿಸಿ ಕಂತೆ ಕಟ್ಟಿದಳು. ಬಾಲ್ದಿಯ ನೀರನ್ನು ನಾನೇ ಬಾಳೆಯ ಬುಡಕ್ಕೆ ಚೆಲ್ಲಿದೆ. ತಳದಲ್ಲಿ ಬೆರಳು ದಪ್ಪ ಕೆಸರಿತ್ತು.